ತಣ್ಣೀರುಬಾವಿಯಿಂದ ಹಂಗಾರಕಟ್ಟೆಗೆ: ಕಡಲ ಬದಿ ನಡೆದು ಹೋಗುವವರಿಗೆ

ಮ್ಯಾಪಿನಲ್ಲಿ ನೋಡಿದರೆ ಮಂಗಳೂರಿನಿಂದ ಉತ್ತರಕ್ಕೆ ಮರಳಿನ ಒಂದೇ ಉದ್ದ ಗೆರೆ. ಕಡಲು ಎಡಕ್ಕಿದ್ದರೆ ಸಾಕು, ನಡೆದಂತೆಲ್ಲ ಮಲ್ಪೆ ಬಂದುಬಿಡುತ್ತದೆ ಅನಿಸುತ್ತದೆ. ಬರುವುದಿಲ್ಲ. ಈ ದಾರಿಯಲ್ಲಿ ಎಷ್ಟು ಕಿಲೋಮೀಟರ್ ನಡೆಯುತ್ತೀರಿ ಅನ್ನುವುದನ್ನು ನಿಮ್ಮ ಕಾಲು ತೀರ್ಮಾನ ಮಾಡುವುದಿಲ್ಲ. ಹೊಳೆಗಳು ಮಾಡುತ್ತವೆ, ಕಲ್ಲಿನ ತಡೆಗೋಡೆಗಳು ಮಾಡುತ್ತವೆ. ಬ್ಯಾಗು ಕಟ್ಟುವ ಮೊದಲೇ ಇದು ಗೊತ್ತಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ಗುರುಪುರ ಹೊಳೆ ದಾಟಿದರೆ ತಣ್ಣೀರುಬಾವಿ. ಅಲ್ಲಿಂದ ಪಣಂಬೂರು ಬೀಚಿನವರೆಗೆ ಆರಾಮು. ಆಮೇಲೆ ಬಂದರು ಅಡ್ಡ ಬರುತ್ತದೆ. ಮುಂದೆ ದಾರಿಯೇ ಇಲ್ಲ. ಹೆದ್ದಾರಿಗೆ ಬಂದು ಬೈಕಂಪಾಡಿ ಮೇಲೆ ಸುರತ್ಕಲ್ಲಿಗೆ ಹೋಗಬೇಕು. ಲಾರಿ, ಟ್ಯಾಂಕರು, ಧೂಳು. ಈ ತುಂಡನ್ನು ದಯವಿಟ್ಟು ನಡೆಯಬೇಡಿ, ಬಸ್ಸು ಹತ್ತಿ. ನನ್ನ ಗೆಳೆಯ ಒಪ್ಪಲಿಲ್ಲ. ನಡೆಯುವುದು ಅಂದರೆ ನಡೆಯುವುದೇ ಅಂತ ಹಟ. ನಾನು ಬಸ್ಸಿನಲ್ಲಿ ಹೋಗಿ ಸುರತ್ಕಲ್ಲಿನಲ್ಲಿ ಎರಡು ಬೊಂಡ (ಎಳನೀರು) ಕುಡಿದು ಕೂತೆ. ಅವನು ಬಂದಾಗ ಅಂಗಿಯ ಬಣ್ಣವೇ ಬೇರೆ ಆಗಿತ್ತು. ಸಂಜೆವರೆಗೆ ಇಬ್ಬರೂ ಮಾತಾಡಲಿಲ್ಲ.

ಎರಡನೇ ಅಡ್ಡಿ ಸಸಿಹಿತ್ಲುವಿನಲ್ಲಿ. ಇಲ್ಲಿ ನಂದಿನಿ, ಶಾಂಭವಿ ಎರಡೂ ಹೊಳೆ ಸೇರಿ ಕಡಲಿಗೆ ಬೀಳುತ್ತವೆ. ಅಳಿವೆಯ ಆಚೆ ಹೆಜಮಾಡಿ ಕೋಡಿ ಕಣ್ಣೆದುರಿಗೇ ಕಾಣುತ್ತದೆ. ಅಲ್ಲಿ ಬಟ್ಟೆ ಒಣಗಿಸುವವರು ಕೂಡ ಕಾಣುತ್ತಾರೆ. ಆದರೆ ಸೇತುವೆ ಇಲ್ಲ. ಹಳೆಯಂಗಡಿಗೆ ಬಂದು, ಹೆದ್ದಾರಿಯಲ್ಲಿ ಮೂಲ್ಕಿ ಸೇತುವೆ ದಾಟಿ, ಹೆಜಮಾಡಿಯಿಂದ ಮತ್ತೆ ಕಡಲಿಗೆ ಇಳಿಯಬೇಕು. ಮೀನಿನ ದೋಣಿಯವರು ಯಾರಾದರೂ ದಾಟಿಸುತ್ತಾರಾ ಅಂತ ಕೇಳಬಹುದು. ನಾವು ಕೇಳಿದವರು ನನ್ನ ಕನ್ನಡ ಕೇಳಿ ಒಬ್ಬರಿಗೆ 500 ರೂಪಾಯಿ ಅಂದರು. ಗೆಳೆಯ ಕಿನ್ನಿಗೋಳಿಯವನು. ತುಳುವಿನಲ್ಲಿ ನಾಲ್ಕು ಮಾತಾಡಿದ. ಇಬ್ಬರಿಗೂ ಸೇರಿ 100 ಆಯಿತು. ಘಟ್ಟದ ಮೇಲಿನವರು ಈ ದಾರಿಗೆ ಬರುವುದಾದರೆ ತುಳು ಬರುವ ಒಬ್ಬರನ್ನು ಕರೆದುಕೊಂಡು ಬನ್ನಿ. ಹಟಮಾರಿ ಆಗಿದ್ದರೂ ಪರವಾಗಿಲ್ಲ. ಈಜು ಬರುತ್ತದೆ ಅಂತ ಅಳಿವೆಗೆ ಮಾತ್ರ ಇಳಿಯಬೇಡಿ. ಮೇಲೆ ನೀರು ಸುಮ್ನೆ ನಿಂತ ಹಾಗೆ ಕಾಣುತ್ತದೆ, ಅಡಿಯಲ್ಲಿ ಸೆಳೆತ ಇರುತ್ತದೆ.

ದಿನದ ಲೆಕ್ಕ ಶುರುವಾಗುವುದು ಇಳಿತದಿಂದ. ನೀರು ಇಳಿದಾಗ ಒದ್ದೆ ಮರಳು ಗಟ್ಟಿ, ಬರಿಗಾಲಲ್ಲಿ ಬೇಗ ಬೇಗ ನಡೆಯಬಹುದು. ಉಬ್ಬರ ಬಂತೆಂದರೆ ಮೇಲಿನ ಸಡಿಲ ಮರಳಿಗೆ ಹತ್ತಬೇಕು, ಹೆಜ್ಜೆಗೊಮ್ಮೆ ಕಾಲು ಹೂತುಹೋಗುತ್ತದೆ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಇದ್ದರೆ ನಾಲ್ಕು ದಿನ ಕಳೆಯುವಷ್ಟರಲ್ಲಿ 9 ದಾಟಿರುತ್ತದೆ. ಆಗ ಬಿಸಿಲೂ ಜತೆಗೆ ಬರುತ್ತದೆ. ಹೊರಡುವ ದಿನ ಆರಿಸುವಾಗ ಇದನ್ನು ನೋಡಿಕೊಳ್ಳಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮರಳು ಕಡಲಿನ ಕಡೆಗೆ ಇಳಿಜಾರು. ಉತ್ತರಕ್ಕೆ ನಡೆಯುವವರ ಎಡಗಾಲು ಇಡೀ ದಿನ ಬಲಗಾಲಿಗಿಂತ ಕೆಳಗಿರುತ್ತದೆ. ಎರಡನೇ ದಿನ ಸೊಂಟ ಹಿಡಿದುಕೊಳ್ಳುತ್ತದೆ. ಆಗಾಗ ಮೇಲಿನ ರಸ್ತೆಗೆ ಹತ್ತಿ ಸಮನೆಲದಲ್ಲಿ ನಡೆಯಿರಿ. ಹೇಗೂ ಎರ್ಮಾಳು ಕಡೆ, ಪಡುಕೆರೆ ಕಡೆ ಕಡಲ್ಕೊರೆತ ತಡೆಯಲು ದೊಡ್ಡ ದೊಡ್ಡ ಬಂಡೆ ಸುರಿದಿದ್ದಾರೆ, ಅಲ್ಲಿ ಮರಳೇ ಸಿಗುವುದಿಲ್ಲ. ಬಂಡೆಯ ಮೇಲೆ ಬ್ಯಾಗು ಹೊತ್ತು ಜಿಗಿಯುವ ಸಾಹಸ ಬೇಡ. ಪಾಚಿ ಇರುತ್ತದೆ.

ಬಟ್ಟೆ ಎರಡೇ ಜತೆ ಸಾಕು, ಆದರೆ ಸಿಹಿನೀರಿನಲ್ಲಿ ಜಾಲಾಡಿಸಲೇಬೇಕು. ಉಪ್ಪು ಉಳಿದ ಬಟ್ಟೆ ಒಣಗುವುದೇ ಇಲ್ಲ, ತೊಡೆ ಸಂದಿ ಉಜ್ಜಿ ಹೋಗುತ್ತದೆ. ಗೆಳೆಯ ಪ್ಯಾಂಟು ಬಿಟ್ಟು ಲುಂಗಿಗೆ ಬಂದ ಮೇಲೆ ಅವನ ಸಿಟ್ಟೂ ಇಳಿಯಿತು. ನೀರಿನ ಬಾಟಲಿ ಜಾಸ್ತಿ ಹೊರಬೇಡಿ. ಯಾವ ಮನೆಯಲ್ಲಿ ಕೇಳಿದರೂ ಕೊಡುತ್ತಾರೆ, ಹಲವು ಕಡೆ ಜತೆಗೆ ಬೆಲ್ಲವನ್ನೂ ಕೊಡುತ್ತಾರೆ. ಬೆಲ್ಲದ ಜತೆ ಪ್ರಶ್ನೆಯೂ ಬರುತ್ತದೆ: "ಎಂತ, ಹರಕೆ ಉಂಟಾ?" ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರನ್ನು ನೋಡಿದ ಜನ. ದೇವರಿಲ್ಲದೆ ಸುಮ್ನೆ ನಡೆಯುವವರನ್ನು ಕಂಡರೆ ಅನುಮಾನ. ಕೊನೆಗೆ ಗೆಳೆಯ ಹೌದು, ಹರಕೆ ಅಂತಲೇ ಹೇಳತೊಡಗಿದ. ಮಾತು ಬೇಗ ಮುಗಿಯುತ್ತಿತ್ತು.

ಟೆಂಟ್ ಹೊತ್ತು ತರಬೇಡಿ. ಕತ್ತಲಾದ ಮೇಲೆ ಬೀಚಿನಲ್ಲಿ ಮಲಗಿದರೆ ಊರಿನವರು ಬಂದು ವಿಚಾರಿಸುತ್ತಾರೆ, ಕರಾವಳಿ ಕಾವಲು ಪೊಲೀಸರೂ ವಿಚಾರಿಸಬಹುದು. ಅದು ತಪ್ಪೂ ಅಲ್ಲ. ಆಧಾರ್ ಕಾರ್ಡು ಕೈಗೆ ಸಿಗುವ ಹಾಗೆ ಇರಲಿ.

ಪಡುಬಿದ್ರಿ, ಕಾಪು ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ಕಾಪುವಿನ 1901ರ ದೀಪಸ್ತಂಭ ಚೆನ್ನಾಗಿದೆ, ಭಾನುವಾರ ಅದರ ಬುಡದಲ್ಲಿ ಸೆಲ್ಫಿ ತೆಗೆಯುವವರ ನಡುವೆ ನುಸುಳುವುದು ನನ್ನಿಂದಾಗದು. ದಾಟಿ ಹೋದೆವು.

ನನಗೆ ಇಡೀ ದಾರಿಯಲ್ಲಿ ಇಷ್ಟವಾದದ್ದು ಮಟ್ಟುವಿನಿಂದ ಮಲ್ಪೆಯವರೆಗಿನ ತುಂಡು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ಸಣ್ಣ ರಸ್ತೆ, ತೆಂಗು, ಮನೆ. ಅಲ್ಲೊಂದು ಕಡೆ, ಬೋರ್ಡು ಇಲ್ಲ, ನೀಲಿ ಟರ್ಪಾಲು ಕಟ್ಟಿದ ಜಗಲಿ, ಎರಡು ಬೆಂಚು. ಹೊರಗೆ ಬಲೆ ಹೆಣೆಯುತ್ತಾ ಕೂತವರಿದ್ದರೆ ಅದೇ ಜಾಗ. ಹತ್ತು ಗಂಟೆಯಿಂದ ಮಧ್ಯಾಹ್ನದವರೆಗೆ ಗಂಜಿ ಮಾತ್ರ. ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ, ಮಾವಿನ ಮಿಡಿ. ಮೇಲೆ 40 ರೂಪಾಯಿ ಕೊಟ್ಟರೆ ಬಂಗುಡೆ ಪುಳಿಮುಂಚಿ. ಪುಳಿಮುಂಚಿ ಹಿಂದಿನ ರಾತ್ರಿಯದು, ಬಿಸಿ ಮಾಡದೆ ಹಾಗೇ ಬಡಿಸುತ್ತಾರೆ. ಹುಳಿ, ಖಾರ ಮೀನಿನೊಳಗೆ ಪೂರಾ ಇಳಿದಿರುತ್ತದೆ. ಬಿಸಿ ಗಂಜಿಗೆ ತಣ್ಣನೆಯ ಆ ಸಾರು ಬಿದ್ದಾಗ ಮಾತು ಬೇಡ. ನಾವು ಹೋದ ದಿನ ಮಟ್ಟುಗುಳ್ಳಕ್ಕೆ ಒಣ ಸಿಗಡಿ ಹಾಕಿದ ಗಸಿಯೂ ಇತ್ತು. ಗುಳ್ಳ ಅಲ್ಲೇ ಪಕ್ಕದ ಊರಿನದು, 2011ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕಿದ ಬದನೆ. ಬಾಯಲ್ಲಿ ಬೆಣ್ಣೆ. ಬೆಂಗಳೂರಿನಲ್ಲಿ ಗುಳ್ಳ ಅಂತ ಮಾರುವುದನ್ನು ಇನ್ನು ನಾನು ಮುಟ್ಟುವುದಿಲ್ಲ.

"ಬಸ್ಸಿಗೆ ದುಡ್ಡಿಲ್ವಾ ಮಾರಾಯ್ರೆ?" ಅಂತ ಬಡಿಸುತ್ತಿದ್ದ ಅಕ್ಕ ಕೇಳಿದರು. ಹರಕೆ ಅಂದ ಗೆಳೆಯ. "ಹರಕೆಯವರು ಮೀನು ತಿಂತಾರಾ?" ಅಂದರು. ಅವನು ತಲೆ ಎತ್ತಲಿಲ್ಲ. ಕೇಳದೆಯೇ ಮತ್ತೊಂದು ಸೌಟು ಗಂಜಿ ಬಿತ್ತು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಇಬ್ಬರಿಗೂ ಸೇರಿ 180. ಬೆಳಿಗ್ಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ.

ಅದೇ ದಿನ ರಾತ್ರಿ ಮಲ್ಪೆಯಲ್ಲಿ ಮೋಸ ಹೋದೆವು. ಶನಿವಾರ. ಫೋನಿನಲ್ಲಿ 1,200 ಅಂದಿದ್ದ ರೂಮು ಕೌಂಟರಿನಲ್ಲಿ 2,800 ಆಗಿತ್ತು. ವೀಕೆಂಡ್ ರೇಟು, ಸೀ ವ್ಯೂ ಅಂದರು. ಕಾಲು ನೋಯುತ್ತಿತ್ತು, ಕೊಟ್ಟೆವು. ಕಿಟಕಿ ತೆಗೆದರೆ ಐಸ್ ಪ್ಲಾಂಟಿನ ಗೋಡೆ. ಕಡಲು ನೋಡಬೇಕಾದರೆ ಬಚ್ಚಲಿನ ಗಾಳಿಕಿಂಡಿಗೆ ಬಕೆಟ್ ಮೇಲೆ ಹತ್ತಬೇಕು. ರಾತ್ರಿ ಎರಡಕ್ಕೆ ಐಸ್ ಪುಡಿ ಮಾಡುವ ಮಿಷನ್ ಶುರುವಾಯಿತು, ಬೆಳಕಾಗುವವರೆಗೆ ನಿಲ್ಲಲಿಲ್ಲ. ಮೀನುಗಾರಿಕೆಯ ಊರು, ಅವರ ಕೆಲಸ ಅವರು ಮಾಡುತ್ತಾರೆ, ಅದಕ್ಕೆ ದೂರಿಲ್ಲ. ಬೆಳಿಗ್ಗೆ ಬಿಲ್ಲಿನಲ್ಲಿ "ಮರಳು ಕ್ಲೀನಿಂಗ್ 200" ಅಂತ ಬರೆದಿದ್ದರಲ್ಲ, ಅದು ದೂರು. ಬೀಚ್ ಪಕ್ಕದ ಲಾಡ್ಜಿನಲ್ಲಿ ಮರಳಿಗೆ ದುಡ್ಡು! ಗೆಳೆಯನ ತುಳು ಕೂಡ ಇಲ್ಲಿ ನಡೆಯಲಿಲ್ಲ, ಕೌಂಟರಿನ ಹುಡುಗನಿಗೆ ಹಿಂದಿ ಮಾತ್ರ ಬರುತ್ತಿತ್ತು.

ಹಾಗಾಗಿ ಮಲ್ಪೆಯಲ್ಲಿ ಉಳಿಯಬೇಡಿ. ಬಸ್ಸು ಹತ್ತಿ ಉಡುಪಿಗೆ ಹೋಗಿ, ಬೆಳಿಗ್ಗೆ ವಾಪಸ್ ಬನ್ನಿ. ರಥಬೀದಿಯ ಸುತ್ತಮುತ್ತ ಕಡಿಮೆಗೆ ರೂಮು ಸಿಗುತ್ತದೆ, ಬನ್ಸ್, ಗೋಳಿಬಜೆಯೂ ಕಾಲ್ನಡಿಗೆಯಲ್ಲಿ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳ ಜನವರಿ 18ಕ್ಕೆ, ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದು ಮಠದ ಕೈಗೆ ಹೋಗುವ ಪರ್ಯಾಯ ಉತ್ಸವ ಇರುತ್ತದೆ. ಆ ವಾರ ಮಾತ್ರ ಈ ಸಲಹೆ ಮರೆತುಬಿಡಿ. ಸೇಂಟ್ ಮೇರೀಸ್ ದ್ವೀಪದ ಬಗ್ಗೆ ನನ್ನನ್ನು ಕೇಳಬೇಡಿ, ದೋಣಿಯ ಕ್ಯೂ ನೋಡಿಯೇ ಮುಂದೆ ಹೋದೆವು.

ಮಲ್ಪೆಯಿಂದ ಹೂಡೆ ದಾಟಿದರೆ ಕೋಡಿಬೇಂಗ್ರೆ. ಜನ ಕಡಿಮೆ. ಬೆಳಿಗ್ಗೆ ಹೋದರೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವುದು ನೋಡಲು ಸಿಗಬಹುದು. ಹಗ್ಗಕ್ಕೆ ಕೈಜೋಡಿಸಿದರೆ ಬೂತಾಯಿ ಮೀನು ಕೊಡುತ್ತಾರೆ, ಬೇಯಿಸುವ ದಾರಿ ಇಲ್ಲದಿದ್ದರೆ ಮೊದಲೇ ಬೇಡ ಅನ್ನಿ. ತುದಿಯಲ್ಲಿ ನೆಲ ಮುಗಿಯುತ್ತದೆ. ಸುವರ್ಣಾ, ಸೀತಾ ಹೊಳೆಗಳು ಅಲ್ಲಿ ಕಡಲು ಸೇರುತ್ತವೆ, ಆಚೆ ದಡ ಹಂಗಾರಕಟ್ಟೆ. ದಾಟಿಸುವ ಬಾರ್ಜ್ ಓಡುತ್ತಿದೆಯಾ, ಕೊನೆಯದು ಎಷ್ಟು ಗಂಟೆಗೆ ಅಂತ ಹೂಡೆಯ ಅಂಗಡಿಯಲ್ಲೇ ಕೇಳಿಕೊಂಡು ಮುಂದೆ ಹೋಗಿ. ಇಲ್ಲ ಅಂದರೆ ಅಲ್ಲಿಂದಲೇ ಉಡುಪಿ ಬಸ್ಸು ಹಿಡಿಯಿರಿ. ತುದಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ದಾಟಿದವರಿಗೆ ಹತ್ತಿರದ ಹೆದ್ದಾರಿ ಸಾಸ್ತಾನದಲ್ಲಿ. ಅಲ್ಲಿ ಊರೂರಿಗೆ ನಿಲ್ಲುವ ಸರ್ವಿಸ್ ಬಸ್ಸಿಗೇ ಕಾಯಿರಿ. ದೊಡ್ಡ ಬ್ಯಾಗು ಕಂಡರೆ ಎಕ್ಸ್‌ಪ್ರೆಸ್ಸಿನ ಕಂಡಕ್ಟರ್ ಮುಖ ಆಚೆ ತಿರುಗಿಸುತ್ತಾನೆ.