ಗೂಬೆ, ಹದ್ದಿನ ಊಟದ ಲೆಕ್ಕ: ದುದ್ದದ ಹೊಲದಿಂದ

ಆಲೂಗಡ್ಡೆ ಕಿತ್ತ ಮೇಲೆ ನಮ್ಮ ಹೊಲ ಬೋಳಾಗಿದೆ, ಇಲಿ ಬಿಲಗಳು ಎದ್ದು ಕಾಣುತ್ತಿವೆ. ಹಕ್ಕಿಗಳಿಗೆ ಹಬ್ಬ. ಹಾಗಾಗಿ ನನ್ನ ಪೆಲೆಟ್ ಸಂಗ್ರಹವೂ ಜೋರಾಗಿದೆ.

ಪೆಲೆಟ್ ಅಂದರೆ ಹಿಕ್ಕೆ ಅಲ್ಲ. ಅರಗದ ಕೂದಲು, ಮೂಳೆ ಎಲ್ಲ ಹೊಟ್ಟೆಯಲ್ಲೇ ಉಂಡೆಯಾಗಿ ಬಾಯಿಂದ ಹೊರಗೆ ಬರುತ್ತದೆ. ಪಂಪ್‌ಹೌಸ್‌ನ ಕಣಜ ಗೂಬೆ ಹಾಕುವ ಉಂಡೆ ಹೆಬ್ಬೆರಳು ದಪ್ಪ. ಹೊಸದಾಗಿದ್ದರೆ ವಾರ್ನಿಷ್ ಬಳಿದ ಹಾಗೆ ಕಪ್ಪಗೆ ಹೊಳೆಯುತ್ತದೆ.

ಗ್ಲೌಸ್ ಹಾಕಿಕೊಂಡು, ಒಂದನ್ನು ಬಿಸಿನೀರಲ್ಲಿ ನೆನೆಸಿ ಚಿಮಟದಿಂದ ಬಿಡಿಸಿದೆ. ಒಳಗೆ ಮೂರು ಬುರುಡೆ! ಎರಡು ಇಲಿಯವು: ಮುಂದೆ ಉದ್ದನೆಯ ಹಳದಿ ಹಲ್ಲು, ಆಮೇಲೆ ಖಾಲಿ ಜಾಗ, ಆಮೇಲೆ ದವಡೆ ಹಲ್ಲು. ಇನ್ನೊಂದಕ್ಕೆ ಆ ಖಾಲಿ ಜಾಗವೇ ಇಲ್ಲ, ಚೂಪಾದ ಬಿಳಿ ಹಲ್ಲುಗಳ ಸಾಲು. ಅದು ಮೂಗಿಲಿ. ಗೂಬೆ ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗುತ್ತದೆ, ಅದಕ್ಕೇ ಮೂಳೆ ಇಷ್ಟು ಚೆನ್ನಾಗಿ ಉಳಿಯುವುದು.

ಕರೆಂಟ್ ತಂತಿಯ ಮೇಲೆ ಕೂರುವ ರಾಮದಾಸ ಹದ್ದಿನದು ಬೇರೆ ರೀತಿ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಾಲು ಮುಂದೆ ಮಾಡಿ ಇಳಿಯುತ್ತದೆ. ಕಾಲಲ್ಲಿ ಒತ್ತಿ ಹಿಡಿದು ಕೊಕ್ಕೆ ಕೊಕ್ಕಿನಿಂದ ಹರಿದು ಹರಿದು ತಿನ್ನುತ್ತದೆ. ಹದ್ದುಗಳ ಹೊಟ್ಟೆಯ ಆಮ್ಲ ಗೂಬೆಯದ್ದಕ್ಕಿಂತ ಜಾಸ್ತಿ ತೀಕ್ಷ್ಣ, ಮೂಳೆಯೂ ಬಹುಪಾಲು ಕರಗಿಬಿಡುತ್ತದೆ. ಅದರ ಪೆಲೆಟ್‌ನಲ್ಲಿ ನನಗೆ ಸಿಕ್ಕಿದ್ದು ಬೂದು ಕೂದಲು, ಮಿಡತೆ ಕಾಲು ಅಷ್ಟೇ.

ಮಾಂಸ ತಿಂದ ಮಾತ್ರಕ್ಕೆ ಬೇಟೆ ಹಕ್ಕಿ ಅನ್ನುವುದಿಲ್ಲ, ಮಿಂಚುಳ್ಳಿಯೂ ಮೀನು ತಿನ್ನುತ್ತದೆ ಅಲ್ವಾ? ಆದರೆ ಅದು ಹಿಡಿಯುವುದು ಕೊಕ್ಕಿನಿಂದ. ಹದ್ದು, ಗಿಡುಗ, ಗೂಬೆಗಳ ಆಯುಧ ಕಾಲಿನ ಉಗುರು.

ನನಗೆ ಚಿಂತೆ ಇರುವುದು ಇಲಿ ಪಾಷಾಣದ್ದು. ಬ್ರೋಮಾಡಿಯೋಲೋನ್ ಅನ್ನುವ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ, ಗೂಬೆಗೆ ಸುಲಭವಾಗಿ ಸಿಗುತ್ತದೆ. ವಿಷ ಹಕ್ಕಿಗೂ ಸೇರುತ್ತದೆ. ಪಕ್ಕದ ಹೊಲದ ಚಿಕ್ಕಪ್ಪನಿಗೆ ಆ ಬುರುಡೆಗಳನ್ನೇ ತೋರಿಸಿದೆ. "ಇಷ್ಟೊಂದು ಇಲಿ ತಿನ್ನುತ್ತಾ ಇದು?" ಅಂದರು. ಈ ಸಲ ಪಂಪ್‌ಹೌಸ್ ಕಡೆ ಪಾಷಾಣ ಇಡುವುದಿಲ್ಲ ಅಂತ ಒಪ್ಪಿದ್ದಾರೆ.

ಹಕ್ಕಿ ಕೂರಲಿ ಅಂತ ಬದುವಿನ ಮೇಲೆ ಅಡ್ಡಪಟ್ಟಿ ಹೊಡೆದ ಬಿದಿರು ಕಂಬಗಳನ್ನೂ ನೆಟ್ಟಿದ್ದೇವೆ. ಬಾವಿ ಹತ್ತಿರದ ಕಂಬದ ಕೆಳಗೆ ಆಗಲೇ ಬಿಳಿ ಹಿಕ್ಕೆ ಬಿದ್ದಿದೆ. ಪೆಲೆಟ್ ಇನ್ನೂ ಸಿಕ್ಕಿಲ್ಲ.