ಗಂಧಕದ ಆಮೆ

ನಿನ್ನೆ 25 ಕೆಜಿ ಅಕ್ಕಿ ಮೂಟೆಯನ್ನು ಗೇಟಿನ ಹತ್ತಿರವೇ ಇಳಿಸಿ ಹೋದರು. ಅಡುಗೆಮನೆವರೆಗೆ ಎಳೆಯುವಷ್ಟರಲ್ಲಿ ನನಗೂ ಭಾವನಿಗೂ ಏದುಸಿರು. "ಭಾರ ಇದೆ ಅಲ್ವಾ?" ಅಂದರು ಭಾವ.

"ಬೆರಾತ್, ಯಾ?" ಹೋದ ವಾರ ಗಂಧಕ ಹೊರುವ ಒಬ್ಬಾತ ಕೇಳಿದ್ದೂ ಇದನ್ನೇ, ಇಂಡೊನೇಷ್ಯಾದ ಮಾತಿನಲ್ಲಿ.

ಪೂರ್ವ ಜಾವಾದ ಇಜೆನ್ ಜ್ವಾಲಾಮುಖಿ. ನೀಲಿ ಬೆಂಕಿ ಕತ್ತಲಲ್ಲಿ ಮಾತ್ರ ಕಾಣೋದು ಅಂತ ನಡುರಾತ್ರಿ ಹತ್ತಿದ್ದೆವು. ಅದು ಲಾವಾ ಅಲ್ಲ. ನೆಲದ ಬಿರುಕಿನಿಂದ ನುಗ್ಗುವ ಬಿಸಿ ಗಂಧಕದ ಅನಿಲ ಗಾಳಿ ಸೋಕಿ ಹೊತ್ತಿಕೊಳ್ಳುತ್ತೆ. ಬೆಳಕಾದ ಮೇಲೆ ಕುಳಿಯ ತಳದಲ್ಲಿ ಹಸಿರು ನೀಲಿ ಕೆರೆ ಕಾಣಿಸಿತು. ನೋಡೋಕೆ ಚೆಂದ, ಆದರೆ ಬರೀ ಆಸಿಡ್ ನೀರು. ಭಾವ ಮಂಡಿ ನೋವು ಅಂತ ಕೈಗಾಡಿಯಲ್ಲಿ ಕೂತು ಬಂದರು. ಮುಂದೆ ಇಬ್ಬರು ಎಳೆಯೋದು, ಹಿಂದೆ ಒಬ್ಬ ನೂಕೋದು. ಅದಕ್ಕೆ ಅಲ್ಲಿ 'ಟ್ಯಾಕ್ಸಿ' ಅಂತಾರೆ. ಸೆಲ್ಫಿಗೆ ಬಂಡೆ ಹತ್ತುವಾಗ ಮಾತ್ರ ಮಂಡಿ ಚೆನ್ನಾಗಿಯೇ ಇತ್ತು.

ಆತ ಕುಳಿಯೊಳಗಿಂದ ಹತ್ತಿ ಬಂದು ಅಡ್ಡೆ ಇಳಿಸಿದ. ಎರಡು ಬಿದಿರು ಬುಟ್ಟಿ ತುಂಬ ಗಂಧಕದ ಹಳದಿ ಹೆಂಟೆ. 75 ಕೆಜಿ ಅಂತೆ. ಅಂದರೆ ಇಂಥ ಮೂರು ಮೂಟೆ, ಕಡಿದಾದ ಏರಿನಲ್ಲಿ. ನಮ್ಮ ಮುಖಕ್ಕೆಲ್ಲ ಬಾಡಿಗೆ ಮಾಸ್ಕ್. ಆತ ಒದ್ದೆ ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ನಾನು ಸುಮ್ನೆ ಅಡ್ಡೆಗೆ ಭುಜ ಕೊಟ್ಟು ನೋಡಿದೆ. ಬುಟ್ಟಿ ಅಲ್ಲಾಡಲೂ ಇಲ್ಲ. "ಬೆರಾತ್, ಯಾ?" ಅಂತ ನಕ್ಕ. ಅಂಗಿ ಸರಿದಾಗ ಭುಜದ ಮೇಲೆ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿತು. ಆ ನಗುವಲ್ಲಿ ನನ್ನ ಬಗ್ಗೆ ಒಂಚೂರು ಮರುಕವೇ ಇತ್ತು ಅಂತ ಈಗ ಅನಿಸುತ್ತೆ.

ಮೊನ್ನೆ ಅಪ್ಪನಿಗೆ ಹೇಳಿದೆ. ಮಂಡ್ಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಇದ್ದವರು. "ಕಬ್ಬಿನ ಹಾಲು ಬೆಳ್ಳಗಾಗೋಕೆ ನಾವೂ ಗಂಧಕ ಸುಟ್ಟು ಅದರ ಹೊಗೇನೇ ಹಾಯಿಸ್ತಿದ್ದೆವು ಕಣಮ್ಮ" ಅಂದರು. ಇಜೆನ್‌ನ ಗಂಧಕವೂ ಅಲ್ಲಿನ ಸಕ್ಕರೆ ಕಾರ್ಖಾನೆಗಳಿಗೆ ಹೋಗುತ್ತೆ. ಬೆಟ್ಟ ಇಳಿದು ಬಂದು ಹೋಟೆಲಿನಲ್ಲಿ ನಾನು ಕಾಫಿಗೆ ಎರಡು ಚಮಚ ಜಾಸ್ತಿಯೇ ಹಾಕಿಕೊಂಡಿದ್ದೆ. ಸುಸ್ತಾಗಿತ್ತಲ್ಲ, ನಡೆದು.

ಆತನ ಹತ್ತಿರ ಗಂಧಕ ಕರಗಿಸಿ ಅಚ್ಚು ಹಾಕಿದ ಪುಟ್ಟ ಆಮೆಗಳೂ ಇದ್ದವು. ಆತ ನಿಂತು ಸುಧಾರಿಸಿಕೊಳ್ಳುವಷ್ಟು ಹೊತ್ತೂ ಭಾವ ಚೌಕಾಸಿ ಮಾಡಿದರು. ಕೊನೆಗೆ ಅರ್ಧ ಬೆಲೆಗೆ ಒಂದು ಗಿಟ್ಟಿಸಿಕೊಂಡು, ಹೊರಡುವ ದಿನ ಅದನ್ನು ಹೋಟೆಲಿನ ಮೇಜಿನ ಮೇಲೇ ಬಿಟ್ಟು ಬಂದರು. ಗಂಧಕವನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲವಂತೆ.