ಸ್ಟೀಲ್ ಸ್ಪೂನಿನ ಲೆಕ್ಕ ಕೆಡುವುದು ಮುಸುರೆ ಟಬ್ಬಿನಲ್ಲಿ

ಬಫೆ ಊಟಕ್ಕೆ ಸ್ಟೀಲ್ ಸ್ಪೂನ್ ತರಿಸಿದಾಕ್ಷಣ ಪರಿಸರ ಉಳಿಯಿತು ಅಂದುಕೊಳ್ಳಬೇಡಿ. ಆ ಸ್ಪೂನ್ ಎಷ್ಟು ಊಟ ಕಾಣುತ್ತದೆ, ಮುಸುರೆ ಹೇಗೆ ತೊಳೆಯುತ್ತಾರೆ ಅನ್ನುವುದರ ಮೇಲೆ ಲೆಕ್ಕ ನಿಂತಿದೆ.

ಸ್ಟೀಲ್ ಸ್ಪೂನ್ ಸುಮಾರು 30 ಗ್ರಾಂ ತೂಗುತ್ತದೆ, ಬಿಸಾಡುವ ಪ್ಲಾಸ್ಟಿಕ್ ಸ್ಪೂನ್ 3 ಗ್ರಾಂ ಆಸುಪಾಸು. ಕೆಜಿಗೆ ಕೆಜಿ ಹೋಲಿಸಿದರೂ ಸ್ಟೇನ್‌ಲೆಸ್ ಸ್ಟೀಲ್ ತಯಾರಿಕೆಯಲ್ಲೇ ಗಾಳಿಗೆ ಸೇರುವ ಇಂಗಾಲ ಹೆಚ್ಚು. ನನ್ನ ಅಂದಾಜಿನಲ್ಲಿ ಮೂವತ್ತು ನಲವತ್ತು ಊಟವಾದ ಮೇಲಷ್ಟೇ ಸ್ಟೀಲ್ ತನ್ನ ಇಂಗಾಲದ ಸಾಲ ತೀರಿಸುತ್ತದೆ. ಸಮಾರಂಭಗಳಿಗೆ ತಟ್ಟೆ, ಸ್ಪೂನ್ ಕೊಟ್ಟು ವಾಪಸ್ ಪಡೆಯುವ, ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯಂಥವರ ಪ್ಲೇಟ್ ಬ್ಯಾಂಕಿನಲ್ಲಿ ಇದು ಕಷ್ಟವಲ್ಲ. ಆದರೆ ಪ್ರತಿ ಸಮಾರಂಭದಲ್ಲೂ 400ರಲ್ಲಿ 20 ಕಳೆದರೆ ಒಂದು ಸ್ಪೂನಿನ ಸರಾಸರಿ ಆಯುಷ್ಯ 20 ಊಟ, ಸಾಲ ತೀರುವುದೇ ಇಲ್ಲ.

ಕಳೆಯುವುದು ಕಳ್ಳತನದಿಂದಲ್ಲ, ಎಂಜಲಿನ ಡ್ರಮ್ಮಿಗೆ ತಟ್ಟೆ ಕೊಡವುವಾಗ. ಡ್ರಮ್ಮಿಗಿಂತ ಎರಡು ಹೆಜ್ಜೆ ಮೊದಲೇ ಸೋಪಿನ ನೀರಿನ ಟಬ್ ಇಟ್ಟು, ಸ್ಪೂನ್ ಅದರಲ್ಲಿ ಹಾಕಿಸಿ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ. ಹೊಸದಾಗಿ ಕೊಳ್ಳುವವರು ಅಂಗಡಿಗೆ ಅಯಸ್ಕಾಂತ ಒಯ್ಯಿರಿ. 430 ಗ್ರೇಡಿನ ಅಗ್ಗದ ಸ್ಪೂನ್ ಗಟ್ಟಿಯಾಗಿ ಅಂಟುತ್ತದೆ, ದುಬಾರಿ 304 ಅಂಟುವುದೇ ಅಪರೂಪ. ಈ ಕೆಲಸಕ್ಕೆ ಅಂಟುವುದೇ ವಾಸಿ: ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಡ್ರಮ್ಮಿನಲ್ಲಿ ಆಡಿಸಿದರೆ ಅನ್ನ-ಸಾಂಬಾರಿನ ಅಡಿಯಿಂದ ಎದ್ದು ಬರುತ್ತದೆ.

ಈಗ ತೊಳೆಯುವುದು. ನಿಮಿಷಕ್ಕೆ 10 ಲೀಟರ್ ಸುರಿಯುವ ನಲ್ಲಿ ಕೆಳಗೆ ಸ್ಪೂನಿಗೆ ಆರು ಸೆಕೆಂಡ್ ಹಿಡಿದರೆ ಒಂದೊಂದಕ್ಕೆ ಒಂದು ಲೀಟರ್, 400ಕ್ಕೆ 400 ಲೀಟರ್. ಅದೇ ನೀರು ಗೀಸರಿನದಾಗಿ 20 ಡಿಗ್ರಿ ಏರಿಸಿದ್ದರೆ ಒಂಬತ್ತು ಯೂನಿಟ್ ಕರೆಂಟು. ಆಗ ಇಂಗಾಲದ ಲೆಕ್ಕದಲ್ಲಿ ಸ್ಟೀಲ್ ಪ್ಲಾಸ್ಟಿಕ್ಕಿಗೇ ಸೋಲುತ್ತದೆ. ಮೂರು ಟಬ್ ಸಾಕು, ತಲಾ 20 ಲೀಟರ್. ಮೊದಲನೆಯದಕ್ಕೆ ಎರಡು ದೊಡ್ಡ ಚಮಚ ಡಿಶ್‌ವಾಶ್, ಜಾಸ್ತಿ ಹಾಕಿದರೆ ನೊರೆ ಬಿಡಿಸುವುದಕ್ಕೇ ನೀರು ಹೋಗುತ್ತದೆ. ಎರಡನೆಯದು ತಣ್ಣೀರು, ಜಿಡ್ಡು ತೇಲಿದ ಕೂಡಲೇ ಬದಲಿಸಿ. ಮೂರನೆಯದು ಮಾತ್ರ 80 ಡಿಗ್ರಿ, ಅದಕ್ಕೆ ಒಂದೂಕಾಲು ಯೂನಿಟ್ ಚಿಲ್ಲರೆ. ಜಾಲರಿ ಬುಟ್ಟಿಯಲ್ಲಿ ಎರಡು ನಿಮಿಷ ಅದ್ದಿ ತೆಗೆದರೆ ಬಿಸಿಗೇ ಒಣಗುತ್ತದೆ. ಬ್ಲೀಚಿಂಗ್ ಪುಡಿ ಬೇಡವೇ ಬೇಡ. ಅದರ ಕ್ಲೋರಿನ್ 430ರ ಮೇಲೆ ಸಣ್ಣ ಸಣ್ಣ ಗುಳಿ ಕೊರೆದು ತುಕ್ಕಿಗೆ ದಾರಿ ಮಾಡುತ್ತದೆ.

1 ಜುಲೈ 2022ರ ನಿಷೇಧದ ನಂತರ ಪ್ಲಾಸ್ಟಿಕ್ ಚಮಚದ ಜಾಗಕ್ಕೆ ಮರದ್ದೂ ‘ಬಯೋ’ ಅನ್ನುವುದೂ ಬಂದಿವೆ. ಪಿಎಲ್‌ಎ ಎಂಬ ಗಿಡಮೂಲದ ‘ಬಯೋ’ ಪ್ಲಾಸ್ಟಿಕ್ಕಿನ ಸ್ಪೂನ್ ಕೊಳೆಯಲು 60 ಡಿಗ್ರಿ ಹತ್ತಿರದ ಬಿಸಿ ವಾರಗಟ್ಟಲೆ ಬೇಕು. ಹಿತ್ತಿಲ ಗೊಬ್ಬರದ ಗುಂಡಿಯಲ್ಲಿ ಅದು ಹಾಗೇ ಕೂತಿರುತ್ತದೆ. ಮರದ್ದು ಗುಂಡಿಗೆ ಹಾಕಬಹುದು, ಆದರೆ ಬಿಸಿ ಪಾಯಸಕ್ಕೆ ಮೆತ್ತಗಾಗಿ ನಾರು ಬಾಯಿಗೆ ಬರುತ್ತದೆ. (ಬಾಳೆಲೆ ಹಾಕಿ ಬಡಿಸಿದರೆ ಸ್ಪೂನಿನ ಈ ತಲೆನೋವೇ ಇರುವುದಿಲ್ಲ, ಅದು ಬೇರೆ ಮಾತು.)

ವಾಪಸ್ ಕೊಡುವ ಮುಂಚೆ ಒಂದೊಂದೇ ಎಣಿಸಬೇಕಿಲ್ಲ. ತರುವಾಗಲೇ ತೂಗಿಡಿ: 400 ಸ್ಪೂನ್ 12 ಕೆಜಿ. ಒಣಗಿಸಿ ಮತ್ತೆ ತೂಗಿದಾಗ 300 ಗ್ರಾಂ ಕಡಿಮೆ ಬಂದರೆ ಹತ್ತು ಸ್ಪೂನ್ ಇನ್ನೂ ಡ್ರಮ್ಮಿನಲ್ಲಿವೆ. ಹಸಿ ಕಸದ ಗಾಡಿ ಬರುವ ಮೊದಲು ಹುಡುಕಿ.